ಹಿಗ್ಗುವ ವಿಶ್ವ, ಅರಿಯದ ಶಕ್ತಿ

ಮೇಲಕ್ಕೆಸೆದ ಕಲ್ಲು ವೇಗಗುಂದುವುದನ್ನು ಬಾಲಕನೂ ಬಲ್ಲನು. ವಿಶ್ವವು ಹಿಗ್ಗುತ್ತಿದೆಯೆಂದು 1929ರಲ್ಲಿ ಹಬಲ್ ಪಂಡಿತನು ತೋರಿಸಿದ ಮೇಲೆ, ಆ ಹಿಗ್ಗೂ ಗುರುತ್ವಾಕರ್ಷಣೆಯಿಂದ ಕ್ರಮೇಣ ಕುಂದುತ್ತಿರಬೇಕೆಂದೇ ವಿದ್ವಾಂಸರು ಎಣಿಸಿದ್ದರು. ಎಷ್ಟು ಕುಂದಿದೆಯೆಂದು ಅಳೆಯಲು ಎರಡು ತಂಡಗಳು ಬಹುದೂರದಲ್ಲಿ ಸಿಡಿದಳಿಯುವ ಒಂದು ಬಗೆಯ ನಕ್ಷತ್ರಗಳನ್ನು ವೀಕ್ಷಿಸಿದುವು. ಇವುಗಳ ನಿಜಪ್ರಭೆಯು ಹೆಚ್ಚುಕಡಮೆ ಒಂದೇ ಆಗಿರುವುದರಿಂದ, ಮಂಕಾಗಿ ಕಂಡಷ್ಟೂ ದೂರವೆಂದು ತಿಳಿಯಬಹುದು; ಇರುಳಿನಲ್ಲಿ ಆಚೆಯೂರಿನ ದೀಪದ ದೂರವನ್ನು ನಾವು ಊಹಿಸುವುದಿಲ್ಲವೆ, ಹಾಗೆ. 1998ರಲ್ಲಿ ಕಂಡುದಾದರೋ ತದ್ವಿರುದ್ಧ. ಅವು ಎಣಿಸಿದುದಕ್ಕಿಂತ ಮಂಕಾಗಿದ್ದುವು, ಆದುದರಿಂದ ಇನ್ನೂ ದೂರದಲ್ಲಿದ್ದುವು. ಹಿಗ್ಗು ಕುಂದುತ್ತಿಲ್ಲ, ತೀವ್ರವಾಗುತ್ತಿದೆ! ತಮ್ಮ ಎಣಿಕೆಯನ್ನು ಬಿಟ್ಟು ಅಳತೆಗೆ ತಲೆಬಾಗಿದ ಪರ್ಲ್‌ಮಟರ್, ಶ್ಮಿಟ್, ರೀಸ್ ಎಂಬ ಮೂವರಿಗೆ 2011ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಇದರ ಕಾರಣಕ್ಕೆ ‘ಡಾರ್ಕ್ ಎನರ್ಜಿ’, ಎಂದರೆ ಕಪ್ಪುಶಕ್ತಿ, ಎಂದು ಹೆಸರಿಟ್ಟಿದ್ದಾರೆ. ವಿಶ್ವದಲ್ಲಿರುವುದರಲ್ಲಿ ನೂರಕ್ಕೆ ಸುಮಾರು 68 ಪಾಲು ಅದೇ. 27 ಪಾಲು ಕಣ್ಣಿಗೆ ಬೀಳದ ದ್ರವ್ಯ. ಸೂರ್ಯ, ಭೂಮಿ, ನಮ್ಮ ಈ ದೇಹ ಎಲ್ಲವೂ ಸೇರಿ ಉಳಿದ 5. ಶಕ್ತಿಯ ಸ್ವರೂಪವೇನೆಂದು ಹೆಸರಿಟ್ಟವರೇ ಅರಿಯೆವೆನ್ನುತ್ತಾರೆ. ಹೀಗಿರಲು ‘ಇದೇ ನಮ್ಮ ಶರಣರು ಕಂಡ ಚಿಚ್ಛಕ್ತಿ’ ಎಂದು ವೇದಿಕೆಯೇರಿ ಸಾರುವ ಆತುರವೇಕೆ? ಶರಣರು ನುಡಿದುದು ಅನುಭಾವವನ್ನು, ನಕ್ಷತ್ರಗಳ ವೇಗವನ್ನಲ್ಲ. ಈ ಶಕ್ತಿಯು ಕಾಲಕ್ರಮದಲ್ಲಿ ಕ್ಷೀಣಿಸುತ್ತಿರಬಹುದೆಂಬ ಸುಳಿವು 2024 ಮತ್ತು 2025ರಲ್ಲಿ ಅಮೆರಿಕದ ಕಿಟ್ ಪೀಕ್ ವೀಕ್ಷಣಾಲಯದ ಅಳತೆಗಳಿಂದ ದೊರೆತಿದೆ, ಇನ್ನೂ ಸ್ಥಿರಪಟ್ಟಿಲ್ಲ. ನಾಳೆ ಅದು ದಿಟವಾದರೆ, ಇಂದು ಹಾಗೆ ಸಾರಿದವರು ಚಿಚ್ಛಕ್ತಿಯೂ ಸವೆಯಿತೆನ್ನುವರೆ?