ಕಣ್ಣಲ್ಲಿ ನಡೆದ ಹದಿನೇಳು ವರ್ಷ

ನಮ್ಮ ಮನೆಗೂ ತೋಟಕ್ಕೂ ನಡುವೆ ಒಂದು ಹಳ್ಳ. ಅದರ ಮೇಲೆ ಎರಡು ಅಡಿಕೆ ಮರ ಜೋಡಿಸಿ ಹಾಕಿದ ಸಂಕ. ಚಿಕ್ಕವಳಿದ್ದಾಗ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಅಪ್ಪನ ಹಿಂದೆ ಆ ಸಂಕ ದಾಟುತ್ತಿದ್ದೆ. ಹೊರೆ ಹೊತ್ತವರಿಗೆ ಕಾಲ ಕೆಳಗಿನದು ಕಾಣುವುದಿಲ್ಲ. ಆದರೂ ಮರ ಎಲ್ಲಿ ಉರುಟಾಗಿದೆ, ಎಲ್ಲಿ ಪಾಚಿ ಕಟ್ಟಿದೆ ಎಂಬುದು ಪಾದಕ್ಕೆ ಗೊತ್ತಿರುತ್ತಿತ್ತು. ಯಾರೂ ಕಲಿಸಿದ್ದಲ್ಲ.

ಇಪ್ಪತ್ತು ತುಂಬಿದ ಮೇಲೆ ಹದಿನೇಳು ವರ್ಷ ನಾನು ಆ ಸಂಕ ದಾಟಲಿಲ್ಲ. ತೋಟಕ್ಕೆ ಹೋಗಬೇಕೆಂದರೆ ಮೇಲಿನ ರಸ್ತೆಯಿಂದ ಸುತ್ತಿಕೊಂಡು ಹೋಗುತ್ತಿದ್ದೆ. ವಿಚಿತ್ರವೆಂದರೆ, ಹಾಗೆ ಸುತ್ತು ಹಾಕುತ್ತಿದ್ದೇನೆ ಎಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ.

ಶುರುವಾದದ್ದು ವಾಲಿಬಾಲ್ ಅಂಕಣದಲ್ಲಿ. ಡಿಗ್ರಿ ಎರಡನೇ ವರ್ಷ. ನೆಟ್ ಬಳಿ ಹಾರಿ ಇಳಿಯುವಾಗ ನನ್ನ ಬಲಗಾಲು ಎದುರಾಳಿ ಹುಡುಗಿಯ ಪಾದದ ಮೇಲೆ ಬಿತ್ತು. ಪಾದ ಒಳಮುಖವಾಗಿ ಮಡಚಿಕೊಂಡಿತು. ಒಳಗೆಲ್ಲೋ ಹುರಿ ಕಡಿದ ಸದ್ದು. ಸಂಜೆಯ ಹೊತ್ತಿಗೆ ಪಾದದ ಗಂಟು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. (ಆ ಗಂಟಿಗೆ ನಿಘಂಟಿನಲ್ಲಿ ‘ಹರಡು’ ಎಂಬ ಚಂದದ ಪದವಿದೆ. ನಮ್ಮ ಮನೆಯಲ್ಲಿ ಯಾರೂ ಬಳಸಿದ್ದು ಕೇಳಿಲ್ಲ.) ಅಜ್ಜಿ ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪಗೆ ಹಚ್ಚಿದರು. ಕಾಲು ಮುಂದಾಗಿ ಹುಟ್ಟಿದವರು ಸವರಿದರೆ ಉಳುಕು ಹೋಗುತ್ತದೆಂದು ಪಕ್ಕದ ಮನೆಯ ದೊಡ್ಡಪ್ಪನನ್ನು ಕರೆಸಿದರು. ಮರುದಿನ ಪೇಟೆಯಲ್ಲಿ ಎಕ್ಸ್‌ರೇ ತೆಗೆಸಿದ್ದಾಯಿತು. “ಮೂಳೆಗೇನೂ ಆಗಿಲ್ಲ, ಬರೀ ಉಳುಕು” ಎಂದರು ವೈದ್ಯರು. ಕ್ರೇಪ್ ಬ್ಯಾಂಡೇಜ್, ಮೂರು ವಾರ ವಿಶ್ರಾಂತಿ. ನೋವು ಹೋಯಿತು, ಊತ ಇಳಿಯಿತು, ಎಲ್ಲರೂ ಮರೆತರು.

‘ಬರೀ’ ಎಂಬ ಆ ಎರಡಕ್ಷರವನ್ನು ನಾನು ಆಮೇಲೆ ಬಹಳ ಸಲ ನೆನೆದಿದ್ದೇನೆ. ಮೂಳೆ ಮುರಿದಿದ್ದರೆ ಮನೆಯವರೆಲ್ಲ ನಿಂತು ಆರೈಕೆ ಮಾಡುತ್ತಿದ್ದರು, ಮತ್ತೆ ನಡೆಯಲು ಕಲಿಸುತ್ತಿದ್ದರು. ಮುರಿಯದ್ದಕ್ಕೆ ಕಲಿಸುವುದೇನಿದೆ? ಎಕ್ಸ್‌ರೇ ತೋರಿಸುವುದು ಮೂಳೆಯನ್ನು ಮಾತ್ರ. ಪಾದದ ಹೊರಬದಿಯಲ್ಲಿ ಮೂಳೆಗೆ ಮೂಳೆ ಬಿಗಿದಿರುವ ಮೂರು ಲಿಗಮೆಂಟ್‌ಗಳು ಆ ಹಾಳೆಯಲ್ಲಿ ಕಾಣುವುದೇ ಇಲ್ಲ. ಆ ಮೂರರಲ್ಲಿ ಮುಂದಿನದು ಎಲ್ಲಕ್ಕಿಂತ ದುರ್ಬಲ. ಪಾದ ಒಳಕ್ಕೆ ಮಡಚಿದಾಗ ಸಾಮಾನ್ಯವಾಗಿ ಮೊದಲು ಹರಿಯುವುದು ಅದೇ. ನನ್ನದೂ ಅದೇ ಹರಿದಿತ್ತು, ನನಗೆ ಗೊತ್ತಾಗಿದ್ದು ಹದಿನೇಳು ವರ್ಷದ ಮೇಲೆ.

ಈ ನಡುವೆ ಎಷ್ಟು ಸಲ ಕಾಲು ಹೊರಳಿತೋ ಲೆಕ್ಕವಿಲ್ಲ. ಬೆಂಗಳೂರಿನ ಫುಟ್‌ಪಾತಿನ ಎದ್ದ ಕಲ್ಲುಚಪ್ಪಡಿ, ಛತ್ರದ ಕೊನೆಯ ಮೆಟ್ಟಿಲು, ಒಮ್ಮೆಯಂತೂ ಸಪಾಟಾದ ಕಾರಿಡಾರು. ಪ್ರತಿ ಸಲವೂ ಎರಡು ದಿನ ಕುಂಟಿ ಸುಮ್ಮನಾಗುತ್ತಿದ್ದೆ. “ನಂದು ವೀಕ್ ಕಾಲು” ಎನ್ನುವುದು ನನ್ನ ಗುರುತಿನ ಮಾತಾಯಿತು, ಕೆಲವರು “ನಂಗೆ ಗಣಿತ ಬರೋದಿಲ್ಲ” ಎನ್ನುವ ಹಾಗೆ. ಹಾಗೆ ಹೇಳಿಬಿಟ್ಟರೆ ಕಾಯಿಲೆ ಸ್ವಭಾವವಾಗಿಬಿಡುತ್ತದೆ, ಸ್ವಭಾವಕ್ಕೆ ಯಾರೂ ಔಷಧಿ ಹುಡುಕುವುದಿಲ್ಲ.

ಹೋದ ವರ್ಷ ಆಷಾಢದಲ್ಲಿ ಊರಿಗೆ ಹೋಗಿದ್ದೆವು. ಜಾರುತ್ತದೆಂದು ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿದ್ದರು. ಮೂರು ವರ್ಷದ ಮಗಳು ನನ್ನ ಸೊಂಟದ ಮೇಲೆ. ಅವಳ ಮುಖಕ್ಕೆ ಮಳೆ ಹೊಡೆಯದಿರಲೆಂದು ಸೆರಗು ಎಳೆಯುತ್ತಾ ಒಂದು ಕ್ಷಣ ನೆಲದಿಂದ ಕಣ್ಣು ಕಿತ್ತೆ. ಬಲಗಾಲು ದಬ್ಬೆಯ ಅಂಚಿನಿಂದಾಚೆ ಬಿತ್ತು, ಹೊರಳಿತು. ಮಗುವನ್ನು ಮೇಲೆತ್ತಿ ಹಿಡಿದೇ ಬಿದ್ದೆ. ಅವಳಿಗೆ ಏನೂ ಆಗಲಿಲ್ಲ. ಆದರೆ ಸಂಜೆ ಎತ್ತಿಕೊಳ್ಳಲು ಕೈಚಾಚಿದಾಗ ಹಿಂದೆ ಸರಿದಳು. “ಬ್ಯಾಡ ಅಮ್ಮ, ನಿನ್ ಕಾಲು ಬೀಳ್ತದೆ” ಎಂದಳು. ನಾನು ಹದಿನೇಳು ವರ್ಷದಲ್ಲಿ ಒಪ್ಪಿಕೊಳ್ಳದ್ದನ್ನು ಮಗು ಒಂದೇ ದಿನದಲ್ಲಿ ತಿಳಿದುಕೊಂಡಿತ್ತು.

ಆಮೇಲೆ ನಾನು ಕಂಡ ಫಿಸಿಯೋಥೆರಪಿಸ್ಟ್ ನನಗಿಂತ ಹತ್ತು ವರ್ಷ ಚಿಕ್ಕ ಹುಡುಗಿ. ಮೊದಲು ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಕಾಲನ್ನು ಒತ್ತಿಟ್ಟು, ಪಾದವನ್ನು ಮುಂದಕ್ಕೆ ಎಳೆದು ನೋಡಿದಳು. ಎಡಪಾದ ಒಂದು ಹಂತಕ್ಕೆ ಬಂದು ಗಟ್ಟಿಯಾಗಿ ನಿಂತಿತು. ಬಲಪಾದ ಸಡಿಲ ಡ್ರಾಯರಿನಂತೆ ಇನ್ನೂ ಮುಂದೆ ಜಾರಿತು. ನಾನೇ ಕಣ್ಣಾರೆ ಕಂಡೆ. ಆಮೇಲೆ ಗೋಡೆಯ ಪಕ್ಕ ಬರಿಗಾಲಲ್ಲಿ ನಿಲ್ಲಿಸಿ, “ಒಂದೇ ಕಾಲಲ್ಲಿ ನಿಲ್ಲಿ ಮೇಡಂ” ಎಂದಳು. ಬಲಗಾಲಲ್ಲೂ ನಿಂತೆ, ಸ್ವಲ್ಪ ತೂಗಾಡಿದರೂ. “ಈಗ ಕಣ್ಣು ಮುಚ್ಚಿ.”

ಮೂರು ಎಣಿಸುವುದರೊಳಗೆ ಗೋಡೆ ಹಿಡಿದಿದ್ದೆ. ಎಡಗಾಲಲ್ಲಿ ಇಪ್ಪತ್ತರವರೆಗೆ ನಿಂತೆ. ಮತ್ತೆ ಬಲಗಾಲು, ಮತ್ತೆ ಮೂರೇ. ಕಣ್ಣು ಮುಚ್ಚಿದ ಕೂಡಲೇ ನೆಲ ಎಲ್ಲಿದೆ ಎಂದೇ ಆ ಪಾದಕ್ಕೆ ತಿಳಿಯುತ್ತಿರಲಿಲ್ಲ. “ಇಷ್ಟು ವರ್ಷ ನೀವು ಕಣ್ಣಲ್ಲಿ ನಡೆದಿದೀರಿ ಮೇಡಂ” ಎಂದಳು ಆ ಹುಡುಗಿ.

ಆ ಮಾತು ಕೇಳಿ ನನಗೆ ಎದೆ ತುಂಬಿ ಬಂತು. ಎಲ್ಲ ಒಮ್ಮೆಗೇ ನೆನಪಾಯಿತು. ಗೆಳತಿಯರ ಜೊತೆ ನಡೆಯುವಾಗ ಅವರ ಮುಖ ನೋಡದೆ ಮಾತಾಡುವ ನನ್ನ ಅಭ್ಯಾಸ, ಮೆಟ್ಟಿಲಿನಲ್ಲಿ ಸದಾ ಕಟಕಟೆಯ ಬದಿ ಹಿಡಿಯುವುದು, ಕತ್ತಲಾದರೆ ಹೊರಡದಿರುವುದು, ಸುತ್ತಿ ಹೋಗುತ್ತಿದ್ದ ಆ ಮೇಲಿನ ರಸ್ತೆ. ನಾನು ಇವನ್ನೆಲ್ಲ ಜಾಗರೂಕತೆ ಎಂದುಕೊಂಡಿದ್ದೆ.

ಲಿಗಮೆಂಟ್ ಎಂದರೆ ಬರೀ ಕಟ್ಟುವ ಹಗ್ಗವಲ್ಲ. ಅದರೊಳಗೆ ನರಗಳ ತುದಿಗಳಿವೆ. ಪಾದ ಎಷ್ಟು ವಾಲಿದೆ ಎಂಬ ಸುದ್ದಿಯನ್ನು ಕ್ಷಣಕ್ಷಣಕ್ಕೂ ಮೇಲಕ್ಕೆ ಕಳಿಸುವ ಕೆಲಸದಲ್ಲಿ ಅವುಗಳಿಗೂ ಪಾಲಿದೆ. 1965ರಲ್ಲಿ ಫ್ರೀಮನ್ ಎಂಬ ಬ್ರಿಟಿಷ್ ಮೂಳೆ ವೈದ್ಯರು, ಉಳುಕಿದ ಪಾದ ಮತ್ತೆ ಮತ್ತೆ ಕೈಕೊಡುವುದಕ್ಕೆ ಲಿಗಮೆಂಟಿನ ಸಡಿಲವೊಂದೇ ಕಾರಣವಲ್ಲ, ಈ ಸುದ್ದಿಯ ದಾರಿ ಕೆಟ್ಟಿರುವುದೂ ಕಾರಣ ಎಂದು ಬರೆದರು. ಅಲ್ಲಾಡುವ ಹಲಗೆಯ ಮೇಲೆ ನಿಲ್ಲಿಸುವ ಅಭ್ಯಾಸವನ್ನು ಚಿಕಿತ್ಸೆಯಾಗಿ ಮಾಡಿ ತೋರಿಸಿದರು. ಗಂಟು ಸಡಿಲವಾಗಿದ್ದೂ ತೊಂದರೆಯಿಲ್ಲದೆ ಓಡಾಡುವವರಿದ್ದಾರೆ, ಬಿಗಿಯಾಗಿದ್ದೂ ಪದೇ ಪದೇ ಹೊರಳುವವರಿದ್ದಾರೆ. ಫ್ರೀಮನ್ನರ ವಿವರಣೆಗೆ ಆಮೇಲೆ ತಿದ್ದುಪಡಿಗಳಾಗಿವೆ, ಆದರೆ ಹಲಗೆ ಇಂದಿಗೂ ಫಿಸಿಯೋಥೆರಪಿ ಕೋಣೆಗಳಲ್ಲಿದೆ.

ನನ್ನನ್ನು ಹೆಚ್ಚು ಕಾಡಿದ್ದು ಕಾಲದ ಲೆಕ್ಕ. ಕಾಲು ಹೊರಳುವುದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಮುಗಿದುಹೋಗುವ ಘಟನೆ. ಹೊರಳಲು ಶುರುವಾಯಿತು ಎಂದು ತಿಳಿದು ಮೀನಖಂಡದ ಹೊರಬದಿಯ ಸ್ನಾಯುಗಳು ಬಿಗಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹಾಗಾದರೆ ಆರೋಗ್ಯವಂತ ಪಾದ ಬೀಳದಿರುವುದು ಹೇಗೆ? ಅದು ನೆಲ ಮುಟ್ಟುವ ಮೊದಲೇ ಸಿದ್ಧವಾಗಿರುತ್ತದೆ. ಗಾಳಿಯಲ್ಲಿದ್ದಾಗಲೇ ತನ್ನ ಕೋನ ಹೊಂದಿಸಿಕೊಂಡು, ಸ್ನಾಯುವನ್ನು ಬಿಗಿದುಕೊಂಡು ಇಳಿಯುತ್ತದೆ. ಹುಲ್ಲಿನ ಹೊರೆಯ ಕೆಳಗೆ ನನ್ನ ಎಳೆಯ ಪಾದ ಮಾಡುತ್ತಿದ್ದುದು ಅದನ್ನೇ ಎಂದು ಈಗ ಅರ್ಥವಾಗುತ್ತಿದೆ. ನಾವು ನಂಬಿಕೆ ಎನ್ನುತ್ತೇವಲ್ಲ, ದೇಹದ ಮಟ್ಟಿಗೆ ಅದು ಈ ಮೊದಲೇ ಸಿದ್ಧವಾಗಿರುವ ಗುಣ. ಹೆದರಿದ ಪಾದವೂ ಬಿಗಿಯುತ್ತದೆ, ಆದರೆ ಎಲ್ಲ ಕಡೆಯಿಂದಲೂ ಒಟ್ಟಿಗೇ ಬಿಗಿದು ಮರದ ತುಂಡಾಗುತ್ತದೆ. ನೆಲದ ಮಾತು ಕೇಳಿಸಿಕೊಳ್ಳುವುದಿಲ್ಲ.

ಚಿಕಿತ್ಸೆಯಲ್ಲಿ ದೊಡ್ಡದೇನೂ ಇರಲಿಲ್ಲ, ದಿನಾ ಮಾಡಬೇಕಿತ್ತು ಅಷ್ಟೆ. ರಬ್ಬರ್ ಪಟ್ಟಿಗೆ ಪಾದ ಸಿಕ್ಕಿಸಿ ಹೊರಕ್ಕೆ ತಳ್ಳುವುದು, ತುದಿಗಾಲಲ್ಲಿ ಏಳುವುದು, ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲುವುದು. ಆಮೇಲೆ ದಿಂಬಿನ ಮೇಲೆ, ಆಮೇಲೆ ಹಲಗೆಯ ಮೇಲೆ, ಆಮೇಲೆ ಕಣ್ಣು ಮುಚ್ಚಿ. ಒಂಟಿಕಾಲಲ್ಲಿ ನಿಂತಾಗ ಪಾದವನ್ನು ಹತ್ತಿರದಿಂದ ನೋಡಿದ್ದೀರಾ? ಬೆರಳುಗಳ ಹಿಂದಿನ ಸ್ನಾಯುರಜ್ಜುಗಳು ವೀಣೆಯ ತಂತಿಯಂತೆ ಒಂದೊಂದಾಗಿ ಮಿಡಿಯುತ್ತವೆ. ಅಂಗಾಲಿನ ಅಂಚು ಒಮ್ಮೆ ಒತ್ತುತ್ತದೆ, ಒಮ್ಮೆ ಹಗುರಾಗುತ್ತದೆ. ನಿಂತಿರುವುದು ಎಂದರೆ ಅಲುಗದಿರುವುದು ಎಂದು ನಾನು ತಿಳಿದಿದ್ದೆ. ಅಲ್ಲ, ಸಾವಿರ ಸಣ್ಣ ಬೀಳುವಿಕೆಗಳನ್ನು ಸಾವಿರ ಸಲ ಸರಿಪಡಿಸಿಕೊಳ್ಳುವುದು.

ಆರನೇ ವಾರ ಮತ್ತೆ ಕಾಲು ಹೊರಳಿತು. ಅತ್ತುಬಿಟ್ಟೆ. ಆ ಹುಡುಗಿ ಗದರಲಿಲ್ಲ, ಓಡಾಡುವಾಗ ಮಾತ್ರ ಆಂಕಲ್ ಬ್ರೇಸ್ ಹಾಕಿಸಿ ಅಭ್ಯಾಸ ಮುಂದುವರಿಸಿದಳು. ಮೂರು ತಿಂಗಳ ಕೊನೆಗೆ ಬಲಗಾಲಲ್ಲಿ ಕಣ್ಣು ಮುಚ್ಚಿ ಹದಿನೈದರವರೆಗೆ ನಿಂತೆ. ಎಲ್ಲರಿಗೂ ಇಷ್ಟೇ ಸಾಲದು, ಅದನ್ನೂ ಹೇಳಬೇಕು. ಹೀಗೆ ಕೆಲವು ತಿಂಗಳು ದುಡಿದ ಮೇಲೂ ಪಾದ ಕೈಕೊಡುತ್ತಿದ್ದರೆ ಹರಿದ ಲಿಗಮೆಂಟನ್ನು ಬಿಗಿದು ಹೊಲಿಯುವ ಶಸ್ತ್ರಚಿಕಿತ್ಸೆ ಇದೆ. ಸ್ವೀಡನ್ನಿನ ಬ್ರೋಸ್ಟ್ರಮ್ 1966ರಲ್ಲಿ ವಿವರಿಸಿದ ವಿಧಾನವನ್ನೇ ಸುಧಾರಿಸಿ ಇಂದಿಗೂ ಮಾಡುತ್ತಾರೆ. ಗಂಟಿನ ಆಳದಲ್ಲಿ ನೋವು ಉಳಿದಿದ್ದರೆ, ಕೀಲು ಸಿಕ್ಕಿಹಾಕಿಕೊಂಡಂತಾದರೆ, ಮೃದ್ವಸ್ಥಿಗೆ ಪೆಟ್ಟಾಗಿದೆಯೇ ಎಂದು ಎಂಆರ್‌ಐ ನೋಡಬೇಕಾಗುತ್ತದೆ. ಮಂಡಿಯ ಸಂಧಿವಾತ ಹೆಚ್ಚಾಗಿ ವಯಸ್ಸಿನ ಜೊತೆ ಬರುತ್ತದೆ, ಪಾದದ ಗಂಟಿನದು ಹಾಗಲ್ಲ. ಅದು ಬಹುಪಾಲು ಹಳೆಯ ಪೆಟ್ಟಿನ ಫಲ. ಇಪ್ಪತ್ತರಲ್ಲಿ ‘ಬರೀ’ ಎಂದದ್ದು ಐವತ್ತರಲ್ಲಿ ಬಂದು ಬಾಗಿಲು ತಟ್ಟಬಹುದು.

ಊರಿನ ಸಂಕ ಈಗಿಲ್ಲ. ಬೇಸಿಗೆಯಲ್ಲಿ ಅಲ್ಲಿ ಸಿಮೆಂಟಿನ ಮೋರಿ ಹಾಕಿದರು. ಮೊನ್ನೆ ಅದರ ಮೇಲೆ ನಡೆಯುವಾಗ ಮಗಳು ನನ್ನ ಭುಜದ ಮೇಲಿದ್ದಳು, ದೂರದ ಮರದಲ್ಲಿದ್ದ ಮಂಗಟ್ಟೆ ಹಕ್ಕಿ ತೋರಿಸಿದಳು. ನಾನು ತಲೆಯೆತ್ತಿ ನೋಡಿದೆ.

ಪಾದ ಉಳುಕಿದವರಲ್ಲಿ ನೂರಕ್ಕೆ 20ರಿಂದ 40 ಮಂದಿಗೆ ಕಾಲು ಮತ್ತೆ ಮತ್ತೆ ಹೊರಳುವ ಈ ತೊಂದರೆ ಉಳಿದುಬಿಡುತ್ತದೆ ಎನ್ನುತ್ತವೆ ಅಧ್ಯಯನಗಳು. ಮೊದಲ ಪೆಟ್ಟು ಬಿದ್ದು ವರ್ಷ ಕಳೆದಿದ್ದು, ಆರು ತಿಂಗಳಲ್ಲಿ ಎರಡು ಸಲವಾದರೂ ಅದೇ ಕಾಲು ಕೈಕೊಟ್ಟಿದ್ದರೆ ಅದು ಸ್ವಭಾವವಲ್ಲ, ಚಿಕಿತ್ಸೆಯಿರುವ ಕಾಯಿಲೆ. ನಿಮ್ಮ ಮನೆಯಲ್ಲಿ “ನಂದು ವೀಕ್ ಕಾಲು” ಎನ್ನುವವರಿದ್ದರೆ ಇವತ್ತು ರಾತ್ರಿ ಗೋಡೆಯ ಪಕ್ಕ ಒಂಟಿಕಾಲಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಲು ಹೇಳಿ. ನೀವು ಪಕ್ಕದಲ್ಲೇ ನಿಂತಿರಿ, ಹಿಡಿದುಕೊಳ್ಳಲು.