ಶ್ರಾವಕನ ಸೊಂಟದ ಪಿಸ್ತೂಲು: ವಿರೋಧೀ ಹಿಂಸೆಯ ಎಲ್ಲೆ ಎಲ್ಲಿಯವರೆಗೆ?

ಗೃಹಸ್ಥನು ಆತ್ಮರಕ್ಷಣೆಗಾಗಿ ಆಯುಧವನ್ನು ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆ ಹಳೆಯದು. ಆದರೆ ಹಿಂದಿನವರಿಗೆ ಅದು ಒರೆಯಲ್ಲಿದ್ದ ಕತ್ತಿಯ ಪ್ರಶ್ನೆಯಾಗಿತ್ತು, ಅಥವಾ ಗೋಡೆಯ ಗೂಟಕ್ಕೆ ತೂಗುಹಾಕಿದ ಕೋವಿಯ ಪ್ರಶ್ನೆಯಾಗಿತ್ತು. ಅಂಗೈಯಲ್ಲಿ ಹಿಡಿಯುವ, ಅಂಗಿಯ ಅಡಿಯಲ್ಲಿ ಅಡಗುವ, ಒಮ್ಮೆ ಕುದುರೆ ಎಳೆದರೆ ಒಂದು ಗುಂಡು ಹಾರಿ ಮುಂದಿನ ಗುಂಡು ತಾನೇ ಬಂದು ಕೂರುವ ಪುಟ್ಟ ಪಿಸ್ತೂಲಿನ ವಿಷಯದಲ್ಲಿ ಅದೇ ಉತ್ತರ ಸಾಲುವುದೇ ಎಂಬುದು ವಿಚಾರಣೀಯವಾಗಿದೆ. ಯಾವ ಪಿಸ್ತೂಲನ್ನು ಆರಿಸಬೇಕೆಂದು ಕೇಳುವ ಶ್ರಾವಕನು, ಆರಿಸುವ ಕಾಲದಲ್ಲಿ ತನ್ನ ಪರಿಣಾಮಗಳು ಏನಾಗುತ್ತವೆ ಎಂದೂ ಕೇಳಿಕೊಳ್ಳಬೇಕಾಗುತ್ತದೆ.

ಚಾಮರಾಜನಗರದ ಜೈನರಿಗೆ ಈ ಪ್ರಶ್ನೆ ದೂರದ್ದಲ್ಲ. ಆ ಊರಿಗೆ ಮೊದಲಿದ್ದ ಹೆಸರು ಅರಿಕುಠಾರ. ಶತ್ರುಗಳಿಗೆ ಕೊಡಲಿ ಎಂದು ಅದರ ಅರ್ಥ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ಕ್ರಿ.ಶ. 1117ರಲ್ಲಿ ಅಲ್ಲಿ ಬಸದಿಯನ್ನು ಕಟ್ಟಿಸಿದನು. ಆತ ಪರಮ ಜಿನಭಕ್ತ. ನೀಲಗಿರಿಯವರೆಗೆ ದಂಡೆತ್ತಿ ಹೋಗಿ ಗೆದ್ದವನೂ ಆತನೇ. ಬೀಜವಿಲ್ಲದ ಒಕ್ಕಲಿಗನಿಗೂ ಬಂಡವಾಳ ಕಳೆದುಕೊಂಡ ವ್ಯಾಪಾರಿಗೂ ಆತ ನೆರವಾದನೆಂದು ಶಾಸನ ಹೊಗಳುತ್ತದೆ. ಗಂಗರ ಚಾವುಂಡರಾಯನೂ ಹಾಗೆಯೇ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಕೈ ಕತ್ತಿಯನ್ನೂ ಹಿಡಿದಿತ್ತು. ಜೈನಧರ್ಮವು ಹೇಡಿತನವನ್ನು ಕಲಿಸುತ್ತದೆಂದು ಹೇಳುವವರಿಗೆ ಈ ಹೆಸರುಗಳೇ ಉತ್ತರ. ಆದರೆ ಈ ಹೆಸರುಗಳನ್ನು ಪಿಸ್ತೂಲಿಗೆ ಸಮರ್ಥನೆಯಾಗಿ ತರುವವರು ಒಂದು ಅಂತರವನ್ನು ಗಮನಿಸುವುದಿಲ್ಲ. ದಂಡನಾಯಕನ ಆಯುಧ ರಾಜ್ಯದ ಅಧಿಕಾರದಿಂದ ಬಂದದ್ದು, ಎಲ್ಲರ ಕಣ್ಣಿಗೆ ಕಾಣುವಂಥದ್ದು, ಕಾರ್ಯ ಮುಗಿದ ಮೇಲೆ ಆಯುಧಾಗಾರಕ್ಕೆ ಮರಳುವಂಥದ್ದು. ಅಂಗಿಯೊಳಗಿನ ಪಿಸ್ತೂಲಿಗೆ ಕಾರ್ಯವೂ ಮುಗಿಯುವುದಿಲ್ಲ, ಆಯುಧಾಗಾರವೂ ಇಲ್ಲ.

ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಅಣುವ್ರತಿಯು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕು, ಉಳಿದ ಮೂರನ್ನು ಯತ್ನಾಚಾರದಿಂದ ಕಡಿಮೆ ಮಾಡಿಕೊಳ್ಳಬೇಕು ಎಂಬುದು ಶ್ರಾವಕರೆಲ್ಲರೂ ಬಲ್ಲ ಮಾತು. ಮನೆಗೆ ನುಗ್ಗಿದವನನ್ನು ತಡೆಯುವಾಗ ಆಗುವ ಹಿಂಸೆ ವಿರೋಧೀ. ಇಷ್ಟರಿಂದ ಪಿಸ್ತೂಲು ನಿರ್ದೋಷವೆಂದು ತೀರ್ಮಾನಿಸುವುದು ಅವಸರದ ಮಾತಾಗುತ್ತದೆ. ವಿರೋಧೀ ಹಿಂಸೆಗೆ ಎದುರಿಗೊಬ್ಬ ವಿರೋಧಿ ಬೇಕು. ಹತ್ತು ವರ್ಷ ಸೊಂಟದಲ್ಲಿ ಗುಂಡು ತುಂಬಿಟ್ಟುಕೊಂಡು ತಿರುಗುವವನ ಎದುರಿಗೆ ಆ ಹತ್ತು ವರ್ಷ ಯಾರೂ ಇರಲಿಲ್ಲವೆಂದಾದರೆ, ಆ ಕಾಲದ ಪರಿಣಾಮಗಳನ್ನು ಯಾವ ವಿಭಾಗಕ್ಕೆ ಸೇರಿಸಬೇಕು? ಪ್ರಮತ್ತಯೋಗದಿಂದ ಪ್ರಾಣವನ್ನು ಬೇರ್ಪಡಿಸುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯ ಹೇಳಿತು. ಚಾಮರಾಜನಗರ ತಾಲ್ಲೂಕಿನ ಮಲೆಯೂರು ಕನಕಗಿರಿಯೊಡನೆ ಪರಂಪರೆಯು ಸ್ಮರಿಸುವ ಪೂಜ್ಯಪಾದಾಚಾರ್ಯರು ಆ ಗ್ರಂಥಕ್ಕೆ ಬರೆದ ಸರ್ವಾರ್ಥಸಿದ್ಧಿಯಲ್ಲಿ ಪ್ರಮಾದಕ್ಕೇ ಪ್ರಾಧಾನ್ಯವಿದೆ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವಂತೂ ಇನ್ನೂ ಮುಂದೆ ಹೋಗುತ್ತದೆ: ಕೆಲವರ ಹಿಂಸೆ ನಡೆಯುವ ಮೊದಲೇ ಫಲ ಕೊಡುತ್ತದೆಂದು ಅಲ್ಲಿ ಹೇಳಿದೆ.

ಇನ್ನು ದೇಶದ ಕಾನೂನು. 1959ರ ಆಯುಧ ಅಧಿನಿಯಮದಂತೆ ಪರವಾನಗಿ ಇಲ್ಲದೆ ಪಿಸ್ತೂಲು ಹೊಂದುವಂತಿಲ್ಲ. 2016ರ ನಿಯಮಗಳು ತರಬೇತಿಯನ್ನೂ ಭದ್ರವಾಗಿ ಇಡುವ ವ್ಯವಸ್ಥೆಯನ್ನೂ ಬಯಸುತ್ತವೆ. 2019ರ ತಿದ್ದುಪಡಿಯಿಂದ ಸಾಮಾನ್ಯವಾಗಿ ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಹೊರದೇಶಗಳಲ್ಲಿ ಮನೆಮಾತಾದ 9 ಮಿಲಿಮೀಟರಿನ ಪಿಸ್ತೂಲು ಇಲ್ಲಿ ಸಾಮಾನ್ಯ ಪ್ರಜೆಗೆ ನಿಷಿದ್ಧ, ಅನುಮತಿಯುಳ್ಳವರು ಹೆಚ್ಚಾಗಿ.32 ಅಳತೆಯದನ್ನೇ ಕೊಳ್ಳುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ರಾತ್ರಿ ಮನೆಯೊಡೆದು ನುಗ್ಗುವವನ ಎದುರಿಗೆ ಪ್ರಾಣಹಾನಿಯವರೆಗಿನ ರಕ್ಷಣಾಧಿಕಾರವನ್ನು ಕೊಟ್ಟಿದೆ; ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂಬ ಕಟ್ಟನ್ನೂ ಹಾಕಿದೆ. ಕಾನೂನು ಬಿಟ್ಟದ್ದನ್ನೆಲ್ಲ ವ್ರತವೂ ಬಿಟ್ಟಿತೆಂದು ತಿಳಿಯಲು ಕಾರಣವಿಲ್ಲ. ರಾತ್ರಿಭೋಜನವನ್ನು ಯಾವ ಕಾನೂನೂ ನಿಷೇಧಿಸಿಲ್ಲ.

ವಸ್ತುವಿನ ಸ್ವಭಾವವನ್ನು ನೋಡಿದರೆ ತೊಡಕು ಇನ್ನೂ ಸ್ಪಷ್ಟವಾಗುತ್ತದೆ. ಕಳ್ಳ ಬಂದ ಗಳಿಗೆಯಲ್ಲಿ ಉಪಯೋಗಕ್ಕೆ ಬರಬೇಕಾದರೆ ಪಿಸ್ತೂಲು ಗುಂಡು ತುಂಬಿಕೊಂಡು ಕೈಗೆಟಕುವಲ್ಲಿ ಇರಬೇಕು. ಮಕ್ಕಳಿರುವ ಮನೆಯಲ್ಲಿ ಅಪಾಯವಾಗದಿರಬೇಕಾದರೆ ಗುಂಡು ಬೇರೆ, ಪಿಸ್ತೂಲು ಬೇರೆಯಾಗಿ ಬೀಗದೊಳಗಿರಬೇಕು. ಈ ಎರಡೂ ಒಟ್ಟಿಗೆ ಸಿದ್ಧಿಸುವುದಿಲ್ಲ. ಚಿಕ್ಕದಾದಷ್ಟೂ ಅಡಗಿಸುವುದು ಸುಲಭ, ಗುರಿ ಕಷ್ಟ. ನಳಿಗೆ ಮೋಟಾದರೆ ಕೈಯ ಅಲ್ಪ ಕಂಪನವೂ ಗುಂಡನ್ನು ಎಲ್ಲಿಗೋ ಒಯ್ಯುತ್ತದೆ. ಕತ್ತಲಲ್ಲಿ ನಿಂತವನು ಕಳ್ಳನೋ, ನೀರು ಕುಡಿಯಲು ಎದ್ದ ಮಗನೋ ಎಂದು ತಿಳಿಯುವಷ್ಟು ಕಾಲವೂ ದೊರೆಯದು. ಈ ದೋಷವನ್ನು ಅಭ್ಯಾಸದಿಂದ ನೀಗಬಹುದೆನ್ನುತ್ತಾರೆ. ನಿಜ. ಆದರೆ ಅಭ್ಯಾಸವೆಂದರೆ ಮನುಷ್ಯಾಕೃತಿಯ ಎದೆಗೆ ಮತ್ತೆ ಮತ್ತೆ ಗುಂಡಿಡುವುದು. ಅಭ್ಯಾಸವಿಲ್ಲದವನ ಕೈಯಲ್ಲಿ ಅದು ಪ್ರಮಾದ. ಅಭ್ಯಾಸ ಮಾಡಿದವನ ಮನಸ್ಸಿನಲ್ಲಿ ಅದು ಸಂಕಲ್ಪದ ನೆರೆಮನೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಐದು ಅನರ್ಥದಂಡಗಳನ್ನು ಇಲ್ಲಿ ನೆನೆಯಬೇಕು. ಕೊಡಲಿ, ಕತ್ತಿ ಮೊದಲಾದ ಹಿಂಸೋಪಕರಣಗಳನ್ನು ಇನ್ನೊಬ್ಬರಿಗೆ ಒದಗಿಸುವುದು ಹಿಂಸಾದಾನ. ಕಳುವಾದ ಪಿಸ್ತೂಲು ಕಳ್ಳನ ಪಾಲಿಗೆ ಒದಗಿದ ಆಯುಧವೇ. ಅಜಾಗ್ರತೆಯಿಂದ ಹಾಗಾದರೆ ಪ್ರಮಾದಚರ್ಯೆಯೂ ಸೇರಿತು. ಅದಕ್ಕಿಂತ ಸೂಕ್ಷ್ಮವಾದುದು ಅಪಧ್ಯಾನ. ಕಳ್ಳನು ಹೀಗೆ ಬರುವನು, ತಾನು ಹೀಗೆ ಹೊಡೆಯುವೆನು, ಅವನು ಹೀಗೆ ಬೀಳುವನು ಎಂದು ಹಾಸಿಗೆಯಲ್ಲಿ ಮಲಗಿ ಚಿತ್ರಿಸಿಕೊಳ್ಳುವುದು ಪರವಧದ ಚಿಂತನೆಯಲ್ಲದೆ ಮತ್ತೇನು? ಪಿಸ್ತೂಲುಗಳ ತೂಕ, ಉದ್ದ, ಗುಂಡುಗಳ ಸಂಖ್ಯೆಗಳನ್ನು ಹೋಲಿಸುತ್ತ ಗಂಟೆಗಟ್ಟಲೆ ಕಳೆಯುವವರೂ ಉಂಟು. ಅಷ್ಟು ಹೊತ್ತನ್ನು ಸ್ವಾಧ್ಯಾಯಕ್ಕೆ ಕೊಟ್ಟಿದ್ದರೆ ಒಂದು ಶ್ರಾವಕಾಚಾರವೇ ಮುಗಿಯುತ್ತಿತ್ತು.

ಹಾಗಾದರೆ ಭಯಕ್ಕೆ ಕಾರಣವೇ ಇಲ್ಲವೇ? ಇದೆ. ತೆರಕಣಾಂಬಿಯ ತರಕಾರಿ ಸಂತೆಯಿಂದ ಹಣ ಹಿಡಿದು ಕತ್ತಲಾದ ಮೇಲೆ ಗುಂಡ್ಲುಪೇಟೆಗೆ ಮರಳುವ ವ್ಯಾಪಾರಿಯ ಭಯ, ತೋಟದ ಒಂಟಿ ಮನೆಯ ವೃದ್ಧ ದಂಪತಿಗಳ ಭಯ, ಕಲ್ಪಿತವಲ್ಲ. ಅವರಿಗೆ ಉಪದೇಶ ಮಾಡುವುದು ಸುಲಭ, ಅವರ ಜಾಗದಲ್ಲಿ ಮಲಗುವುದು ಕಷ್ಟ. 2002ರ ಆಗಸ್ಟ್ 25ರಂದು ಮಾಜಿ ಸಚಿವ ಎಚ್. ನಾಗಪ್ಪನವರನ್ನು ಕಾಮಗೆರೆಯ ಮನೆಯಿಂದಲೇ ವೀರಪ್ಪನ್ ಒಯ್ದದ್ದನ್ನೂ, ಡಿಸೆಂಬರಿನಲ್ಲಿ ಅವರ ಶವ ಕಾಡಿನಲ್ಲಿ ದೊರೆತದ್ದನ್ನೂ ಈ ಜಿಲ್ಲೆ ಮರೆತಿಲ್ಲ. ಆದರೆ ಅಂಥ ಸಶಸ್ತ್ರ ತಂಡದ ಎದುರಿಗೆ ಒಬ್ಬನ ಪುಟ್ಟ ಪಿಸ್ತೂಲು ಏನು ಮಾಡೀತು? ಬಂಡೀಪುರದ ಅಂಚಿನ ಹೊಲಗಳಿಗೆ ಬರುವ ಆನೆಯ ಮುಂದಂತೂ ಅದು ಆಟಿಕೆ. ಒಂದು ಹಿಂಸ್ರಪ್ರಾಣಿಯನ್ನು ಕೊಂದರೆ ಅನೇಕ ಜೀವಗಳು ಉಳಿಯುತ್ತವೆಂಬ ಲೆಕ್ಕವನ್ನೂ ಅಮೃತಚಂದ್ರರು ಒಪ್ಪುವುದಿಲ್ಲ. ಉಳಿಯುವುದು ಸಾಮಾನ್ಯ ಕಳ್ಳನೊಬ್ಬನೇ. ಅವನಿಗೆ ಗಟ್ಟಿ ಬಾಗಿಲು, ಅಂಗಳದ ದೀಪ, ನಾಯಿ, ಕೂಗಿದರೆ ಬರುವ ನೆರೆಯವರು, ಬ್ಯಾಂಕಿನಲ್ಲಿಟ್ಟ ಚಿನ್ನ ಇವುಗಳೇ ಮೊದಲ ಉತ್ತರ. ಇವೆಲ್ಲವನ್ನೂ ಮಾಡಿ, ಆಮೇಲೂ ಪ್ರತ್ಯಕ್ಷ ಬೆದರಿಕೆ ಉಳಿದಿದ್ದರೆ, ಪರವಾನಗಿ ಪಡೆದು ಬೀಗದೊಳಗೆ ಆಯುಧವಿಟ್ಟ ಗೃಹಸ್ಥನನ್ನು ವ್ರತಭ್ರಷ್ಟನೆಂದು ದೂಷಿಸುವಂತಿಲ್ಲ. ದಿನನಿತ್ಯ ಅಡಗಿಸಿಕೊಂಡು ತಿರುಗುವುದನ್ನು ಮಾತ್ರ ವಿರೋಧೀ ಹಿಂಸೆಯ ನೆರಳಿನಲ್ಲಿ ನಿಲ್ಲಿಸುವುದು ಕಷ್ಟ.

ಶಾಸ್ತ್ರಕಾರರು ಭಯವನ್ನು ಬರಿಯ ದೌರ್ಬಲ್ಯವೆಂದು ಬಿಡಲಿಲ್ಲ. ಹದಿನಾಲ್ಕು ಅಭ್ಯಂತರ ಪರಿಗ್ರಹಗಳಲ್ಲಿ ಅದನ್ನು ಎಣಿಸಿದರು. ಸಮ್ಯಗ್ದೃಷ್ಟಿಯು ದಾಟಬೇಕಾದ ಸಪ್ತಭಯಗಳಲ್ಲಿ ಅತ್ರಾಣಭಯ, ಅಗುಪ್ತಿಭಯಗಳೂ ಇವೆ: ಕಾಯುವವರಿಲ್ಲವೆಂಬುದು ಒಂದು, ಕೋಟೆಯಿಲ್ಲವೆಂಬುದು ಇನ್ನೊಂದು. ಪಿಸ್ತೂಲು ಹೊರಗಿನ ಪರಿಗ್ರಹ. ಅದು ಕಾಯುವುದು ಒಳಗಿನ ಪರಿಗ್ರಹವನ್ನು. ಪರಿಗ್ರಹ ಪರಿಮಾಣ ಬರೆದುಕೊಳ್ಳುವ ಶ್ರಾವಕರು ಹೊಲ, ಮನೆ, ಚಿನ್ನಗಳ ಲೆಕ್ಕದ ಜೊತೆಗೆ ಇದನ್ನೂ ಯಾವ ಸಾಲಿನಲ್ಲಿ ಬರೆಯುವರೋ ನೋಡಬೇಕು.

ಪರೀಕ್ಷೆಗೆ ಎರಡು ಸಂದರ್ಭಗಳು ತಾವಾಗಿಯೇ ಬರುತ್ತವೆ. ಅಷ್ಟಮಿ, ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಕೈಗೊಂಡವನು ಆರಂಭಗಳನ್ನೆಲ್ಲ ಬಿಡುತ್ತಾನೆ. ಅಂದು ಪಿಸ್ತೂಲನ್ನು ಎಲ್ಲಿಡುವನು? ಸೊಂಟದಲ್ಲಿಟ್ಟುಕೊಂಡು ಸಾಮಾಯಿಕಕ್ಕೆ ಕೂರಲಾಗದೆಂದು ಅವನ ಮನಸ್ಸೇ ಹೇಳುತ್ತದೆ. ಇನ್ನೊಂದು ಸಂದರ್ಭ ಲೌಕಿಕವಾದುದು. ಚುನಾವಣೆ ಬಂದಾಗ ಪರವಾನಗಿದಾರರು ಆಯುಧಗಳನ್ನು ಪೊಲೀಸು ಠಾಣೆಯಲ್ಲಿ ಒಪ್ಪಿಸಬೇಕಾಗುತ್ತದೆ. ಆ ವಾರಗಳಲ್ಲಿಯೂ ಅದೇ ಮನೆ, ಅದೇ ಚಿನ್ನ, ಅದೇ ಕತ್ತಲೆ. ಆಗ ನಿದ್ರೆ ಬಂದಿತೇ ಇಲ್ಲವೇ ಎಂಬುದನ್ನು, ಮತ ಎಣಿಕೆಯ ನಂತರ ಠಾಣೆಗೆ ಹೋಗಿ ಪಿಸ್ತೂಲನ್ನು ಹಿಂದಕ್ಕೆ ಪಡೆಯುವ ಮೊದಲು, ಶ್ರಾವಕನು ತನ್ನ ಪ್ರತಿಕ್ರಮಣದಲ್ಲಿ ಒಮ್ಮೆ ವಿಚಾರಿಸಿಕೊಳ್ಳಬಹುದು.