ದಿನದ ಮನ್ನಾ, ದಿನದ ಬರಹ

ನವೆಂಬರ್ ತಿಂಗಳು ನಮಗೆ ಸಕಲ ಸಂತರ ಹಬ್ಬದೊಂದಿಗೆ ಆರಂಭವಾಗಿ, ಮೃತ ವಿಶ್ವಾಸಿಗಳ ಸ್ಮರಣೆಯಲ್ಲಿ ಮುಂದುವರಿದು, ಕ್ರಿಸ್ತರಾಜರ ಹಬ್ಬದತ್ತ ಸಾಗುತ್ತದೆ. ಸಮಾಧಿಗಳ ಮುಂದೆ ಮೇಣದಬತ್ತಿ ಹಚ್ಚಿ ನಿಂತು, ಮನುಷ್ಯನ ದಿನಗಳಿಗೆ ಎಣಿಕೆಯುಂಟೆಂಬುದನ್ನು ನಾವು ನೆನೆಯುವ ತಿಂಗಳದು. ಇದೇ ತಿಂಗಳಲ್ಲಿ ಜಗತ್ತಿನ ಅನೇಕ ಕಡೆ ಬರಹದ ಹಂಬಲವುಳ್ಳವರು ಬೇರೊಂದು ಎಣಿಕೆಯಲ್ಲಿ ತೊಡಗುತ್ತಾರೆ. ನವೆಂಬರ್ 1ರಂದು ಖಾಲಿ ಹಾಳೆಯ ಮುಂದೆ ಕುಳಿತು, 30ರ ಮಧ್ಯರಾತ್ರಿಯೊಳಗೆ 50,000 ಪದಗಳ ಕಾದಂಬರಿಯೊಂದರ ಕರಡನ್ನು ಮುಗಿಸುವುದು ಅವರು ತಮಗೆ ತಾವೇ ಹಾಕಿಕೊಳ್ಳುವ ಪಂಥ.

ಈ ಪಂಥ ಹುಟ್ಟಿದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸೀಮೆಯಲ್ಲಿ. ಕ್ರಿಸ್ ಬೇಟಿ ಎಂಬ ಬರಹಗಾರರು 1999ರ ಜುಲೈ ತಿಂಗಳಲ್ಲಿ ಗೆಳೆಯರನ್ನು ಕೂಡಿಸಿಕೊಂಡು ಇದನ್ನು ಆರಂಭಿಸಿದಾಗ ಇದ್ದವರು 21 ಮಂದಿ. ಮರುವರ್ಷ ಅದು ನವೆಂಬರಿಗೆ ಸರಿಯಿತು. ಬರಬರುತ್ತಾ ಹಲವು ದೇಶಗಳಿಗೆ ಹಬ್ಬಿತು. ಅದನ್ನು ನಡೆಸುತ್ತಿದ್ದ ಸಂಸ್ಥೆಯು ತನ್ನ ಕಾರ್ಯವನ್ನು ನಿಲ್ಲಿಸುವುದಾಗಿ 2025ರಲ್ಲಿ ಪ್ರಕಟಿಸಿತಾದರೂ, ಸಂಸ್ಥೆಯ ಹಂಗಿಲ್ಲದೆ ಪಂಥವನ್ನು ಕೈಗೊಳ್ಳಲು ಯಾರಿಗೂ ಅಡ್ಡಿಯಿಲ್ಲ. ಲೆಕ್ಕ ಸರಳ: ದಿನವೊಂದಕ್ಕೆ ಸುಮಾರು 1,667 ಪದಗಳು. ಕನ್ನಡದಲ್ಲಿ ಬರೆಯುವವರಿಗೆ ಈ ಹೊರೆ ಇನ್ನೂ ಭಾರ. ‘ಬರಲಾರೆನೆಂದು’ ಎಂಬ ಒಂದೇ ಪದದಲ್ಲಿ ನಾವು ಹೇಳುವುದನ್ನು ಹೇಳಲು ಇಂಗ್ಲಿಷಿಗೆ ನಾಲ್ಕಾರು ಪದಗಳು ಬೇಕು. ಹಾಗಾಗಿ ನಮ್ಮ 50,000 ಪದಗಳೆಂದರೆ ಅವರದಕ್ಕಿಂತ ಎಷ್ಟೋ ದೊಡ್ಡ ಪುಸ್ತಕ.

ಬರಹಗಾರರ ಈ ಪಂಥ ನಮ್ಮೆಲ್ಲರಿಗೂ ಸಂಬಂಧಿಸಿದ ಒಂದು ಪ್ರಶ್ನೆಯನ್ನು ಎತ್ತುತ್ತದೆ. ಮಹತ್ತಾದ ಕೆಲಸವೊಂದಕ್ಕೆ ಕೈಹಾಕಿದಾಗ ದಿನನಿತ್ಯದ ಸಣ್ಣಪುಟ್ಟ ಸಂತೋಷಗಳಿಗೆ ಏನು ಸ್ಥಾನ? ಸಂಜೆಯ ನಡಿಗೆ, ಮಕ್ಕಳೊಡನೆ ಹರಟೆ, ಕೈತೋಟದ ಗಿಡಗಳಿಗೆ ನೀರೆರೆಯುವುದು, ಆತುರವಿಲ್ಲದೆ ಕುಡಿದ ಒಂದು ಲೋಟ ಕಾಫಿ, ಕಣ್ತುಂಬ ನಿದ್ದೆ ಇವೆಲ್ಲ ಕೆಲಸದಿಂದ ಕದ್ದ ಕಾಲವೇ? ಹೌದೆನ್ನುವವರು ತ್ಯಾಗದ ಮಾತನಾಡುತ್ತಾರೆ. ಎಲ್ಲವನ್ನೂ ಬದಿಗಿಟ್ಟವನೇ ಸಾಧಕನೆನ್ನುತ್ತಾರೆ. ಅಲ್ಲವೆನ್ನುವವರು ಲಾಭದ ಮಾತನಾಡುತ್ತಾರೆ. ವಿಶ್ರಾಂತಿ ಪಡೆದವನು ಮರುದಿನ ಹೆಚ್ಚು ಬರೆದಾನು ಎನ್ನುತ್ತಾರೆ. ಎರಡರಲ್ಲಿಯೂ ಸತ್ಯದ ಅಂಶವುಂಟು. ಆದರೆ ಎರಡೂ ಕೆಲಸವನ್ನೇ ಅರಸನನ್ನಾಗಿಸಿ, ಉಳಿದ ಬದುಕನ್ನು ಅದರ ಊಳಿಗಕ್ಕೆ ನಿಲ್ಲಿಸುತ್ತವೆ.

ರಷ್ಯಾದ ಮಹಾಲೇಖಕ ದಾಸ್ತೊವ್‌ಸ್ಕಿಯ ಬದುಕಿನ ಪ್ರಸಂಗವೊಂದನ್ನು ಇಲ್ಲಿ ನೆನೆಯಬಹುದು. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿಯೊಂದನ್ನು ಒಪ್ಪಿಸದಿದ್ದರೆ, ಒಂಬತ್ತು ವರ್ಷಗಳ ಕಾಲ ತನ್ನ ಕೃತಿಗಳನ್ನು ಪ್ರಕಾಶಕನು ಗೌರವಧನ ಕೊಡದೆ ಅಚ್ಚುಹಾಕಬಹುದೆಂಬ ಕರಾರಿಗೆ ಆತ ಸಹಿ ಹಾಕಿದ್ದ. ಅಕ್ಟೋಬರ್ ಆರಂಭವಾದರೂ ಒಂದು ಪುಟವೂ ಸಿದ್ಧವಿರಲಿಲ್ಲ. ಆಗ ನೆರವಿಗೆ ಬಂದವಳು ಅನ್ನಾ ಎಂಬ ಇಪ್ಪತ್ತರ ಹರೆಯದ ಶೀಘ್ರಲಿಪಿಗಾರ್ತಿ. ದಾಸ್ತೊವ್‌ಸ್ಕಿ ಹೇಳುತ್ತಾ ಹೋದ, ಆಕೆ ಬರೆದುಕೊಳ್ಳುತ್ತಾ ಹೋದಳು. 26 ದಿನಗಳಲ್ಲಿ ‘ಜೂಜುಕೋರ’ ಕಾದಂಬರಿ ಮುಗಿಯಿತು. ಅಷ್ಟೊಂದು ಒತ್ತಡದ ನಡುವೆಯೂ ಹೇಳಿ ಬರೆಸುವುದನ್ನು ನಿಲ್ಲಿಸಿ, ಚಹಾ ಕುಡಿಯುತ್ತಾ ಅವರಿಬ್ಬರೂ ಮಾತನಾಡುತ್ತಿದ್ದುದುಂಟು. ಆತ ತನ್ನ ಕಳೆದ ಬದುಕಿನ ಸಂಕಟಗಳನ್ನು ಹೇಳಿಕೊಳ್ಳುತ್ತಿದ್ದ, ಆಕೆ ಕೇಳಿಸಿಕೊಳ್ಳುತ್ತಿದ್ದಳು. ಮುಂದಿನ ಫೆಬ್ರವರಿಯಲ್ಲಿ ಅವರ ವಿವಾಹವಾಯಿತು. ಗಡುವಿನ ದೃಷ್ಟಿಯಿಂದ ನೋಡಿದರೆ ಆ ಮಾತುಕತೆ ಕಾಲಹರಣ. ಬದುಕಿನ ದೃಷ್ಟಿಯಿಂದ ನೋಡಿದರೆ ಆ ತಿಂಗಳ ಅತ್ಯಂತ ಬೆಲೆಯುಳ್ಳ ಗಳಿಕೆ ಅದೇ ಅಲ್ಲವೇ?

ಧರ್ಮಸಭೆಯ ಮಹಾ ಚಿಂತಕರಾದ ಸಂತ ಥಾಮಸ್ ಅಕ್ವಿನಾಸರು ಈ ವಿಷಯವನ್ನು ಲಘುವಾಗಿ ಕಾಣಲಿಲ್ಲ. ಪ್ರೇಷಿತ ಸಂತ ಯೊವಾನ್ನರ ಬಗೆಗಿನ ಹಳೆಯ ಕಥೆಯೊಂದನ್ನು ಅವರು ತಮ್ಮ ದೈವಶಾಸ್ತ್ರದ ಮೇರುಕೃತಿಯಲ್ಲಿ ಎತ್ತಿಕೊಳ್ಳುತ್ತಾರೆ. ಶಿಷ್ಯರೊಡನೆ ಆಟವಾಡುತ್ತಿದ್ದ ಯೊವಾನ್ನರನ್ನು ಕಂಡು ಕೆಲವರು ಬೇಸರಗೊಂಡರಂತೆ. ಅವರಲ್ಲಿ ಬಿಲ್ಲು ಹಿಡಿದಿದ್ದವನೊಬ್ಬನಿಗೆ ಬಾಣ ಬಿಡಲು ಯೊವಾನ್ನರು ಹೇಳಿದರು. ಆತ ಮತ್ತೆ ಮತ್ತೆ ಬಿಟ್ಟಾಗ, ಎಡೆಬಿಡದೆ ಹೀಗೆಯೇ ಮಾಡಬಲ್ಲೆಯಾ ಎಂದು ಕೇಳಿದರು. ಹಾಗೆ ಮಾಡಿದರೆ ಬಿಲ್ಲು ಮುರಿಯುತ್ತದೆಂದು ಆತ ಉತ್ತರಿಸಿದ. ಮನಸ್ಸೂ ಹಾಗೆಯೇ ಎಂದರು ಯೊವಾನ್ನರು. ದುಃಖಕ್ಕೆ ಮದ್ದುಗಳನ್ನು ಹೇಳುವಾಗಲೂ ಅಕ್ವಿನಾಸರು ಗೆಳೆಯರ ಸಹಾನುಭೂತಿ ಮತ್ತು ಸತ್ಯದ ಧ್ಯಾನದ ಜೊತೆಯಲ್ಲಿಯೇ ನಿದ್ದೆಯನ್ನೂ ಸ್ನಾನವನ್ನೂ ಸೇರಿಸುತ್ತಾರೆ. ದೇಹವನ್ನು ದೇವರ ವರವೆಂದು ನಂಬಿದವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ಬೈಬಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮರುಭೂಮಿಯಲ್ಲಿ ಇಸ್ರಯೇಲರಿಗೆ ಮನ್ನಾ ದೊರೆತ ಬಗೆಯನ್ನು ನೋಡಿರಿ. ಅಂದಂದಿನ ಅಗತ್ಯಕ್ಕೆ ತಕ್ಕಷ್ಟನ್ನು ಅಂದಂದೇ ಕೂಡಿಸಿಕೊಳ್ಳಬೇಕಿತ್ತು. ನಾಳೆಗೆಂದು ಆಸೆಯಿಂದ ಉಳಿಸಿಕೊಂಡದ್ದು ಹುಳುಬಿದ್ದು ನಾರಿತು. ಆರನೆಯ ದಿನ ಮಾತ್ರ ಎರಡರಷ್ಟು ದೊರೆಯುತ್ತಿತ್ತು. ಏಳನೆಯ ದಿನ ಯಾರೂ ಹೊರಗೆ ಹೋಗಬೇಕಿರಲಿಲ್ಲ. ದುಡಿಮೆಗೆ ಅಳತೆಯುಂಟು, ಆ ಅಳತೆಯೊಳಗೇ ವಿಶ್ರಾಂತಿಯೂ ಸೇರಿದೆ ಎಂಬ ಪಾಠವನ್ನು ಅವರು ಬಾಯಿಗೆ ಬೀಳುವ ತುತ್ತಿನ ಮೂಲಕವೇ ಕಲಿತರು. ವಿಮೋಚನಾಕಾಂಡದ 34ನೆಯ ಅಧ್ಯಾಯವಂತೂ ಉಳುವ ಕಾಲದಲ್ಲಿಯೂ ಕೊಯ್ಲಿನ ಕಾಲದಲ್ಲಿಯೂ ಏಳನೆಯ ದಿನ ಬಿಡುವು ಇರಲೇಬೇಕೆಂದು ವಿಧಿಸುತ್ತದೆ. ಕೊಯ್ಲಿನ ಕಾಲ ರೈತನ ಪಾಲಿಗೆ ಎಂತಹ ಗಡಿಬಿಡಿಯದೆಂದು ಬಲ್ಲವರಿಗೆ ಈ ಮಾತಿನ ತೂಕ ತಿಳಿದೀತು. ಕೆಲಸ ಮುಗಿದ ಬಳಿಕ ಸಿಗುವ ಕೂಲಿಯೆಂದು ಬೈಬಲ್ ವಿಶ್ರಾಂತಿಯನ್ನು ಕಾಣುವುದಿಲ್ಲ. ಮುಗಿಯದ ಕೆಲಸದ ನಡುವೆಯೇ ಅದಕ್ಕೆ ಸ್ಥಾನ ಕೊಡುತ್ತದೆ. ಸೃಷ್ಟಿಯ ಏಳನೆಯ ದಿನ ದೇವರು ವಿಶ್ರಮಿಸಿದ್ದು ಮರುದಿನ ಹೆಚ್ಚು ದುಡಿಯಲೆಂದಲ್ಲವಲ್ಲ!

ಹಾಗಾದರೆ ಪಂಥಗಳೇ ಬೇಡವೇ? ಹಾಗಲ್ಲ. ನಲವತ್ತು ದಿನಗಳ ತಪಸ್ಸುಕಾಲವನ್ನು ಆಚರಿಸುವ ನಮಗೆ ನಿಗದಿತ ಅವಧಿಯ ಕಠಿಣ ಶ್ರಮದ ಬೆಲೆ ಗೊತ್ತಿದೆ. ಒಂದು ತಿಂಗಳು ಪ್ರತಿದಿನ ಬರೆಯುವವನು ಸೋಮಾರಿತನವನ್ನು ಗೆಲ್ಲುತ್ತಾನೆ, ತನ್ನೊಳಗಿನ ಭಯವನ್ನು ಗೆಲ್ಲುತ್ತಾನೆ. ಬೇಕಾದದ್ದು ಮನ್ನಾದ ಅಳತೆ. 30 ದಿನಗಳಲ್ಲಿ ನಾಲ್ಕು ಭಾನುವಾರಗಳನ್ನು ಬಲಿಪೂಜೆಗೂ ಮನೆಮಂದಿಗೂ ಮೀಸಲಿಟ್ಟರೆ ಉಳಿಯುವುದು 26 ದಿನ. ಆಗ ದಿನದ ಪಾಲು 1,667ರಿಂದ ಸುಮಾರು 1,923 ಪದಗಳಿಗೆ ಏರುತ್ತದೆ. ಐದು ಭಾನುವಾರಗಳು ಬಿದ್ದ ವರ್ಷವಾದರೆ 2,000. ಉಳಿದ ದಿನಗಳಲ್ಲಿ ಒಂದೆರಡು ಪುಟ ಹೆಚ್ಚು ಬರೆದರೆ ಪ್ರತಿ ವಾರ ಒಂದು ಇಡೀ ದಿನ ಉಳಿಯುತ್ತದೆ. ಅಂದಿನ ಪಾಲು ಮುಗಿದೊಡನೆ ಲೇಖನಿಯನ್ನು ಕೆಳಗಿಡುವುದೂ ವಿಶ್ವಾಸದ ಒಂದು ಕ್ರಿಯೆ. ನಾಳೆಯ ಪದಗಳನ್ನು ನಾಳೆ ಕೊಡುವವನಿದ್ದಾನೆ ಎಂದು ನಂಬಿದವನೇ ಇಂದು ನಿದ್ದೆಮಾಡಬಲ್ಲ.

ಆದರೆ ಇಲ್ಲಿ ನ್ಯಾಯದ ಪ್ರಶ್ನೆಯೊಂದಿದೆ. ಅದನ್ನು ಮರೆತರೆ ಮೇಲಿನ ಮಾತುಗಳೆಲ್ಲ ಪೊಳ್ಳಾಗುತ್ತವೆ. ಬರೆಯುವವನ ಮೇಜಿನ ಮೇಲೆ ಹಬೆಯಾಡುವ ಕಾಫಿಯನ್ನು ಇಟ್ಟವರು ಯಾರು? ದಾಸ್ತೊವ್‌ಸ್ಕಿ ಹೇಳಿದ್ದನ್ನೆಲ್ಲ ಅನ್ನಾ ತನ್ನ ಮನೆಗೆ ಒಯ್ದು ಶುದ್ಧಪ್ರತಿ ಮಾಡಿ ತರಬೇಕಿತ್ತು. ಆತನ ಗಡುವು ಆಕೆಯ ಗಡುವೂ ಆಗಿತ್ತು. ಒಬ್ಬರ ಸಾಧನೆಯ ತಿಂಗಳು ಮನೆಯ ಇನ್ನೊಬ್ಬರಿಗೆ ಇಮ್ಮಡಿ ದುಡಿಮೆಯ ತಿಂಗಳಾಗುವುದುಂಟು. ಸಬ್ಬತ್ತಿನ ಕಟ್ಟಳೆ ಮನೆಯ ಯಜಮಾನನಿಗಷ್ಟೇ ಬಿಡುವು ಕೊಡಲಿಲ್ಲ. ಮಗ, ಮಗಳು, ಆಳುಕಾಳು, ದನಕರು, ಮನೆಗೆ ಬಂದ ಪರದೇಶಿ, ಎಲ್ಲರನ್ನೂ ಹೆಸರಿಸಿ ಸೇರಿಸಿಕೊಂಡಿತು. ಆದ್ದರಿಂದ ನನ್ನ ವಿಶ್ರಾಂತಿಗಾಗಿ ಯಾರ ವಿಶ್ರಾಂತಿ ಕರಗುತ್ತಿದೆ ಎಂದು ಕೇಳಿಕೊಳ್ಳುವುದು ಕ್ರೈಸ್ತನ ಕರ್ತವ್ಯ. ಬರೆದು ದಣಿದವನು ಎದ್ದು ಪಾತ್ರೆ ತೊಳೆದರೆ ಅವನ ಕೈಗೂ ಮನಸ್ಸಿಗೂ ಬಿಡುವು, ತೊಳೆಯಬೇಕಿದ್ದವರಿಗೂ ಬಿಡುವು.

ಎಲ್ಲ ಸಂತೋಷಗಳೂ ಚೇತನ ತುಂಬುವವಲ್ಲ ಎಂಬುದನ್ನೂ ಹೇಳಬೇಕು. ಮೊಬೈಲಿನ ಪರದೆಯಲ್ಲಿ ಒಂದರ ಹಿಂದೊಂದು ದೃಶ್ಯಗಳನ್ನು ಸರಿಸುತ್ತಾ ಕಳೆದ ಗಂಟೆ ಬಿಡುವಿನಂತೆ ಕಂಡರೂ ನಮ್ಮನ್ನು ಇನ್ನಷ್ಟು ಬರಿದಾಗಿಸುತ್ತದೆ. ಇದನ್ನು ಅರಿಯಲು ಸುಲಭದ ಒರೆಗಲ್ಲೊಂದಿದೆ. ಆ ಸಂತೋಷದಿಂದ ಎದ್ದು ಬಂದಾಗ ನಾವು ಮನೆಯವರ ಮುಖವನ್ನು ಪ್ರೀತಿಯಿಂದ ನೋಡಬಲ್ಲೆವೇ? ದೇವರಿಗೆ ವಂದನೆ ಹೇಳಬಲ್ಲೆವೇ? ಹೇಳಬಲ್ಲೆವಾದರೆ ಅದು ವರ. ಇಲ್ಲವಾದರೆ ಅದೂ ಇನ್ನೊಂದು ಬಗೆಯ ದಣಿವು.

ನಮ್ಮ ಮನೆಗಳಲ್ಲಿ ಕಾದಂಬರಿ ಬರೆಯುವವರು ವಿರಳವಾದರೂ ಪಂಥಗಳಿಗೆ ಬರವಿಲ್ಲ. ಪಿಯುಸಿ ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ, ಸಾಲ ತೀರಿಸಲು ಎರಡು ಪಾಳಿ ದುಡಿಯುವ ತಂದೆಯಂದಿರಿದ್ದಾರೆ, ಧರ್ಮಕೇಂದ್ರದ ಹಬ್ಬಕ್ಕಾಗಿ ವಾರಗಟ್ಟಲೆ ಓಡಾಡುವ ತಾಯಂದಿರಿದ್ದಾರೆ. ಬದುಕೇ ಸಾಕೆಂದು ಮರದಡಿ ಮಲಗಿದ ಪ್ರವಾದಿ ಎಲೀಯನ ಬಳಿಗೆ ಬಂದ ದೂತನು ಮೊದಲು ಉಪದೇಶ ಮಾಡಲಿಲ್ಲ. ಬಿಸಿ ರೊಟ್ಟಿಯನ್ನೂ ನೀರನ್ನೂ ಇಟ್ಟು ಎಬ್ಬಿಸಿದ. ತಿಂದು ಮತ್ತೆ ಮಲಗಿದವನನ್ನು ಗದರಿಸದೆ ಇನ್ನೊಮ್ಮೆ ಊಟಕ್ಕೆ ಎಬ್ಬಿಸಿದ. ಹೋರೇಬ್ ಬೆಟ್ಟದವರೆಗಿನ ನಲವತ್ತು ದಿನಗಳ ಹಾದಿ ಆರಂಭವಾದದ್ದು ಆ ನಿದ್ದೆ ಮತ್ತು ಆ ರೊಟ್ಟಿಯ ನಂತರ. ನಮ್ಮ ಮನೆಯಲ್ಲಿ ಯಾರಾದರೂ ದೂರದ ಹಾದಿಗೆ ಹೊರಟಿದ್ದರೆ, ಎಷ್ಟು ಮುಗಿಯಿತು ಎಂದು ಕೇಳುವ ಮೊದಲು ಊಟವಾಯಿತೇ ಎಂದು ಕೇಳೋಣ.